ತ್ರಸೂರಿನ ಭಾನುವಾರ

"ಹೆಂಡತಿಯ ತಮ್ಮ, ನಾಲ್ಕಕ್ಷರ" ಎಂದು ಅಪ್ಪ ಗಟ್ಟಿಯಾಗಿ ಓದಿದರು. ಭಾನುವಾರದ ಪೇಪರು ನಡುಮನೆಯ ಚಾಪೆಯ ಮೇಲೆ ಹರಡಿತ್ತು. ಹಾಸನದ ನಮ್ಮ ವಠಾರದ ಮನೆಯಲ್ಲಿ ಭಾನುವಾರವೆಂದರೆ ಮೊದಲು ಎಣ್ಣೆನೀರು, ಆಮೇಲೆ ತಿಂಡಿ, ತಿಂಡಿಯ ಜೊತೆಗೆ ಪದಬಂಧ. ಹೆಂಡತಿಯ ತಮ್ಮ ಎದುರಿಗೇ ಕೂತು ಎರಡನೆಯ ಸಲ ಉಪ್ಪಿಟ್ಟು ಬಡಿಸಿಕೊಳ್ಳುತ್ತಿದ್ದ. ಅಪ್ಪ ಅವನ ತಟ್ಟೆಯನ್ನೊಮ್ಮೆ ನೋಡಿ, ಪೆನ್ಸಿಲು ಒತ್ತಿ ಬರೆದರು: ತಾಪತ್ರಯ. ನಾಲ್ಕು ಮನೆಗೆ ನಾಲ್ಕು ಅಕ್ಷರ ಹೇಳಿ ಮಾಡಿಸಿದ ಹಾಗೆ ಕೂತವು. ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಭಾವಮೈದ ಅಂತ ಬರೀರಿ. ಮೂರನೇ ಮನೆಯಿಂದ ಕೆಳಕ್ಕೆ ಮೈಸೂರು ಬರಬೇಕು. ನಿಮ್ಮ ತಾಪತ್ರಯ ಇಟ್ಟುಕೊಂಡರೆ ಅದು ತ್ರಸೂರು ಆಗುತ್ತೆ." ಅಪ್ಪ ರಬ್ಬರು ಮುಟ್ಟಲಿಲ್ಲ. "ಊರು ಕೆಟ್ಟರೆ ಕೆಡಲಿ ಕಣೇ, ನಂಟನ ವಿಷಯದಲ್ಲಿ ಸುಳ್ಳು ಬರೆಯೋಕಾಗಲ್ಲ" ಎಂದರು. ಮಾವ ನಗುತ್ತ ನಗುತ್ತ ಉಪ್ಪಿಟ್ಟು ನೆತ್ತಿಗೇರಿಸಿಕೊಂಡ. ನೀರು ಕುಡಿಸಿ ಬೆನ್ನು ತಟ್ಟಿದವರೂ ಅಪ್ಪನೇ.

ಅಂದಿನಿಂದ ಅವನು ತಾಪತ್ರಯ ಮಾವ. ಕಾಗದ ಬರೆದರೆ ಕೊನೆಯಲ್ಲಿ "ಇಂತಿ ನಿಮ್ಮ ತಾಪತ್ರಯ" ಎಂದೇ ಸಹಿ ಹಾಕುತ್ತಿದ್ದ. ಮೈಸೂರು ನಮ್ಮ ಮನೆಯಲ್ಲಿ ಇವತ್ತಿಗೂ ತ್ರಸೂರು. ಆ ಚಾಪೆಯನ್ನಾಗಲಿ ಆ ವಠಾರವನ್ನಾಗಲಿ ನೋಡಿರದ ಮೊಮ್ಮಕ್ಕಳು ಕೂಡ "ದಸರಾಕ್ಕೆ ತ್ರಸೂರಿಗೆ ಹೋಗೋಣ" ಎನ್ನುತ್ತಾರೆ. ಹೊರಗಿನವರಿಗೆ ಹೇಳಿದರೆ ಇದರಲ್ಲಿ ನಗುವುದಕ್ಕೆ ಏನಿದೆ ಎನ್ನಿಸಬಹುದು. ಮನೆಯ ಹಾಸ್ಯದ ಗುಣವೇ ಅದು. ಹೊಸಿಲು ದಾಟಿದರೆ ಅದಕ್ಕೆ ಬೆಲೆಯಿಲ್ಲ, ಹೊಸಿಲ ಒಳಗೆ ಅದು ನಲವತ್ತು ವರ್ಷ ಸವೆಯದೆ ಓಡಾಡುತ್ತದೆ.

ಈ ಮಾತು ಹುಟ್ಟಿದ್ದು ಅಪ್ಪನ ಚುರುಕಿನಿಂದಲೋ ಅಮ್ಮನ ಶಬ್ದಸಂಪತ್ತಿನಿಂದಲೋ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅಪ್ಪ ಆಫೀಸಿನಲ್ಲೂ ಚುರುಕಾಗಿದ್ದರು, ಅಮ್ಮ ವಾರದ ಏಳು ದಿನವೂ ಓದುತ್ತಿದ್ದಳು. ಅವತ್ತು ಬೇರೆಯಾಗಿದ್ದದ್ದು ಒಂದೇ: ಎಲ್ಲರಿಗೂ ಅದೇ ಹೊತ್ತಿನಲ್ಲಿ ಬಿಡುವಿತ್ತು. ನಾನು ವಾದಿಸಬೇಕೆಂದಿರುವುದು ಇಷ್ಟನ್ನೇ. ವಾರದ ರಜೆಯ ಬೆಲೆಯನ್ನು ನಾವು ಗಂಟೆಗಳಲ್ಲಿ ಅಳೆಯುತ್ತಿದ್ದೇವೆ. ಅದರ ನಿಜವಾದ ಬೆಲೆ ಅದು ಎಲ್ಲರಿಗೂ ಒಟ್ಟಿಗೆ ಸಿಗುವುದರಲ್ಲಿದೆ. ಆ ಒಟ್ಟು ಒಡೆದುಹೋದರೆ ಗಂಟೆಗಳು ಉಳಿದರೂ ಭಾನುವಾರ ಉಳಿಯುವುದಿಲ್ಲ. ಹವ್ಯಾಸ, ಹಾಸ್ಯ, ಸುಮ್ಮನೆ ಕೂರುವುದು ಇವೆಲ್ಲ ಬೆಳೆಯುವುದು ಆ ಒಟ್ಟಿನ ಮಣ್ಣಿನಲ್ಲಿ.

ಭಾನುವಾರವೇನೂ ನಮ್ಮ ನೆಲದಲ್ಲಿ ತಾನಾಗಿ ಬೆಳೆದ ರಜೆಯಲ್ಲ. ನಮ್ಮ ಹಳ್ಳಿಗಳ ಬಿಡುವು ಕಸುಬಿಗೊಂದು ಥರ ಇತ್ತು. ಎಷ್ಟೋ ಕಡೆ ಒಕ್ಕಲು ಮಕ್ಕಳು ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಕಮ್ಮಾರರು, ಬಡಗಿಗಳು ಅಮಾವಾಸ್ಯೆಯ ದಿನ ಉಳಿ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಕ್ಷೌರದ ಅಂಗಡಿಗೆ ಮಂಗಳವಾರ ಬಾಗಿಲು. ಸಂತೆಯ ದಿನ ಊರಿಗೆ ಊರೇ ಅರ್ಧ ಬಿಡುವು, ಅರ್ಧ ವ್ಯಾಪಾರ. ಬಿಡುವು ಎಂಬ ಮಾತನ್ನೇ ನೋಡಿ: ನೊಗದಿಂದ ಎತ್ತು ಬಿಡುವುದು, ಸಂಜೆ ಶಾಲೆ ಬಿಡುವುದು, ಕೈ ಬಿಡುವಾಗುವುದು ಎಲ್ಲವೂ ಒಂದೇ ಬೇರಿನವು. ಎತ್ತಿಗೆ ಬಿಡುವು ಕೊಟ್ಟಾಗಲೇ ರೈತನಿಗೂ ಬಿಡುವು ಸಿಗುತ್ತಿತ್ತು. ಒಬ್ಬನ ಬಿಡುವು ಇನ್ನೊಬ್ಬನ ಬಿಡುವಿಗೆ ಕಟ್ಟಿಕೊಂಡಿರುತ್ತದೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಹಬೆಯಂತ್ರಕ್ಕೆ ಬಸವಣ್ಣನ ದಿನ ಗೊತ್ತಿರಲಿಲ್ಲ. 19ನೇ ಶತಮಾನದ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಕೂಲಿಗಳು ಬೆಳಕು ಹರಿಯುವಾಗ ಒಳಗೆ ಹೋಗಿ ಕತ್ತಲಾಗುವಾಗ ಹೊರಗೆ ಬರುತ್ತಿದ್ದರು, ವಾರಕ್ಕೊಂದು ದಿನ ಕಡ್ಡಾಯ ರಜೆ ಎಂಬುದು ಇರಲಿಲ್ಲ. ಅವರಿಗೆ ಭಾನುವಾರವನ್ನು ಗಳಿಸಿಕೊಟ್ಟ ಹೆಸರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, ದೀನಬಂಧು ಪತ್ರಿಕೆ ನಡೆಸಿದವರು. 1884ರಲ್ಲಿ ಅವರು ಗಿರಣಿ ಕಾರ್ಮಿಕರ ಸಭೆ ಸೇರಿಸಿ, ಸಾವಿರಾರು ಕಾರ್ಮಿಕರ ಸಹಿಯ ಮನವಿಯನ್ನು ಸರ್ಕಾರದ ಮುಂದಿಟ್ಟರು. ಅದರಲ್ಲಿನ ಮೊದಲ ಬೇಡಿಕೆಗಳಲ್ಲಿ ಒಂದು ಭಾನುವಾರದ ರಜೆ. ಆರು ವರ್ಷ ಹಿಡಿಯಿತು. 1890ರ ಏಪ್ರಿಲ್‌ನಲ್ಲಿ ಮುಂಬಯಿಯ ಮಹಾಲಕ್ಷ್ಮಿ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ನೆರೆದರು. ಆ ಸಭೆಯಲ್ಲಿ ಇಬ್ಬರು ಕಾರ್ಮಿಕ ಹೆಂಗಸರು ಎದ್ದು ನಿಂತು ಮಾತಾಡಿದರೆಂಬುದನ್ನು ನಾನು ಓದಿದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ರಜೆ ಕೇಳಿದವರಲ್ಲಿ ಅವರೂ ಇದ್ದರು. ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಮಾರನೆಯ ವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಮರಾಠಿ ಕಾರ್ಮಿಕರಿಗೆ ಭಾನುವಾರ ಇಗರ್ಜಿಯ ದಿನವಾಗಿರಬೇಕಿರಲಿಲ್ಲ, ಅದು ಖಂಡೋಬನ ವಾರ. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ.

ಇಲ್ಲಿ ಗಮನಿಸಬೇಕಾದದ್ದು ಅವರು ಕೇಳಿದ ರೀತಿ. "ಪ್ರತಿಯೊಬ್ಬ ಕೂಲಿಗೂ ಏಳರಲ್ಲಿ ಯಾವುದೋ ಒಂದು ದಿನ" ಎಂದು ಅವರು ಕೇಳಲಿಲ್ಲ. ಗಿರಣಿಯೇ ನಿಲ್ಲಬೇಕು, ಎಲ್ಲರೂ ಒಟ್ಟಿಗೆ ಹೊರಗೆ ಬರಬೇಕು ಎಂದು ಕೇಳಿದರು.

ತಾಪತ್ರಯ ಮಾವನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ವ್ಯತ್ಯಾಸವನ್ನು ನನಗೆ ಕಲಿಸಿದವನು ಅವನು. ಅವನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಒಳ್ಳೆಯ ಸಂಬಳ, ಕ್ಯಾಂಟೀನು, ವಾರಕ್ಕೊಂದು ದಿನ ರಜೆ. ಪಾಳಿಯ ಲೆಕ್ಕದಲ್ಲಿ ಅವನ ಪಾಲಿಗೆ ಬಂದದ್ದು ಬುಧವಾರ. ಮೊದಲ ತಿಂಗಳು ಸಂಭ್ರಮದಿಂದ ಬುಧವಾರ ಬೆಳಗಿನ ಬಸ್ಸಿಗೇ ಹಾಸನಕ್ಕೆ ಬಂದ. ಅಪ್ಪ ಆಫೀಸಿನಲ್ಲಿ, ನಾವು ಸ್ಕೂಲಿನಲ್ಲಿ, ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿ. ಅಮ್ಮನ ಜೊತೆ ಕಾಫಿ ಕುಡಿದು, ಹಿತ್ತಲಿನ ಕರಿಬೇವಿನ ಗಿಡ ನೋಡಿ, ನಾವು ಸ್ಕೂಲಿನಿಂದ ಬರುವ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ನಾಲ್ಕೈದು ಸಲ ಹೀಗಾದ ಮೇಲೆ ಬರುವುದನ್ನು ಕಡಿಮೆ ಮಾಡಿದ. ಅವನ ರಜೆಯಲ್ಲಿ ಒಂದು ಗಂಟೆಯೂ ಕಡಿತವಾಗಿರಲಿಲ್ಲ. ಯಾರೂ ಅವನಿಗೆ ಅನ್ಯಾಯ ಮಾಡಿರಲಿಲ್ಲ. ಆದರೂ ನಮ್ಮ ಮನೆಯ ಭಾನುವಾರಕ್ಕೆ ಒಬ್ಬ ಮನುಷ್ಯ ಕಮ್ಮಿಯಾಗಿದ್ದ, ಅವನಿಗೆ ಮನೆಗೆ ಮನೆಯೇ ಕಮ್ಮಿಯಾಗಿತ್ತು.

ಒಂದು ದೇಶವೇ ಈ ಪ್ರಯೋಗ ಮಾಡಿ ನೋಡಿದೆ. 1929ರಲ್ಲಿ ಸೋವಿಯತ್ ಸರ್ಕಾರ ಏಳು ದಿನದ ವಾರವನ್ನೇ ತೆಗೆದುಹಾಕಿ ಐದು ದಿನದ ವಾರ ತಂದಿತು. ಕೆಲಸಗಾರರನ್ನು ಐದು ಗುಂಪು ಮಾಡಿ ಗುಂಪಿಗೊಂದು ಬಣ್ಣ ಕೊಟ್ಟರು, ಬಣ್ಣಕ್ಕೊಂದು ರಜೆಯ ದಿನ. ನಾಲ್ಕು ದಿನ ದುಡಿದರೆ ಐದನೆಯ ದಿನ ಬಿಡುವು. ಲೆಕ್ಕ ಹಾಕಿದರೆ ಹಿಂದಿಗಿಂತ ಹೆಚ್ಚೇ ರಜೆ. ಯಂತ್ರ ಒಂದು ದಿನವೂ ನಿಲ್ಲಬಾರದು, ಜನ ಇಗರ್ಜಿಗೂ ಹೋಗಬಾರದು, ಇದು ಉದ್ದೇಶ. ಆದರೆ ಗಂಡನಿಗೆ ಒಂದು ಬಣ್ಣ, ಹೆಂಡತಿಗೆ ಇನ್ನೊಂದು, ಮಕ್ಕಳ ಶಾಲೆಗೆ ಮತ್ತೊಂದು. ಮನೆಯಲ್ಲಿ ಯಾರೂ ಇಲ್ಲದ ದಿನ ರಜೆ ಕೊಟ್ಟರೆ ಅದನ್ನಿಟ್ಟುಕೊಂಡು ಏನು ಮಾಡುವುದು ಎಂದು ಜನ ದೂರಿದರು. ಎರಡೇ ವರ್ಷಕ್ಕೆ, 1931ರಲ್ಲಿ, ಈ ಏರ್ಪಾಡು ಬಿಟ್ಟು ಎಲ್ಲರಿಗೂ ಒಂದೇ ದಿನ ರಜೆಯಿರುವ ಆರು ದಿನದ ವಾರಕ್ಕೆ ಬಂದರು. 1940ರಲ್ಲಿ ಏಳು ದಿನದ ವಾರ, ಭಾನುವಾರದ ರಜೆ ಎರಡೂ ಮರಳಿದವು. ಅಷ್ಟು ಬಲವಾದ ಸರ್ಕಾರಕ್ಕೂ ಜನರ ಒಟ್ಟು ಬಿಡುವನ್ನು ಮುರಿದು ಇಟ್ಟುಕೊಳ್ಳಲಾಗಲಿಲ್ಲ.

ನಾವೀಗ ಅದೇ ದಾರಿಯಲ್ಲಿ, ಆದೇಶವಿಲ್ಲದೆ, ಚೂರುಚೂರಾಗಿ ನಡೆಯುತ್ತಿದ್ದೇವೆ. ಒಂದು ಕಡೆ ರಜೆ ಹೆಚ್ಚುತ್ತಿದೆ: 2015ರಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, 2019ರಿಂದ ನಮ್ಮ ರಾಜ್ಯ ಸರ್ಕಾರದ ಕಚೇರಿಗಳಿಗೂ ನಾಲ್ಕನೇ ಶನಿವಾರ ರಜೆ. ವಾರಾಂತ್ಯ ಎಂಬ ಮಾತು ಕನ್ನಡದಲ್ಲಿ ಈಗ ದಿನಬಳಕೆಯದು. ಇನ್ನೊಂದು ಕಡೆ, 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ವಾರದ ಎಲ್ಲ ದಿನ, ದಿನದ ಎಲ್ಲ ಹೊತ್ತು ತೆರೆದಿರಬಹುದು ಎಂದಿತು. ಕೆಲಸಗಾರರಿಗೆ ಸರದಿಯ ಮೇಲೆ ವಾರಕ್ಕೊಂದು ರಜೆ ಕೊಡಬೇಕು. ಕಾನೂನಿನ ಕಣ್ಣಿಗೆ ಇಲ್ಲಿ ಯಾರಿಗೂ ನಷ್ಟವಿಲ್ಲ. ತಾಪತ್ರಯ ಮಾವನ ಬುಧವಾರಕ್ಕೂ ಕಾನೂನಿನ ಕಣ್ಣಿಗೆ ನಷ್ಟ ಕಂಡಿರಲಿಲ್ಲ. ಬಟ್ಟೆ ಅಂಗಡಿಯ ಹುಡುಗಿ, ಹೋಟೆಲಿನ ಸಪ್ಲೈಯರು, ಊಟದ ಪೊಟ್ಟಣ ಹೊತ್ತು ಸ್ಕೂಟರಿನಲ್ಲಿ ಓಡುವ ಹುಡುಗ, ಇವರಿಗೆಲ್ಲ ಭಾನುವಾರ ಎಂದರೆ ವಾರದಲ್ಲಿ ಅತಿ ಹೆಚ್ಚು ಸುಸ್ತಾಗುವ ದಿನ. ನಮ್ಮ ಬಿಡುವು ಹಿಗ್ಗಿದಷ್ಟೂ ಅವರ ಭಾನುವಾರ ಕುಗ್ಗುತ್ತದೆ.

ಜರ್ಮನಿಯಲ್ಲಿ ಭಾನುವಾರದ ಬಿಡುವಿಗೆ ಸಂವಿಧಾನದ್ದೇ ರಕ್ಷಣೆಯಿದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು ಇಂದಿನ ಸಂವಿಧಾನವೂ ಉಳಿಸಿಕೊಂಡಿದೆ. ಅಲ್ಲಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಮೊದಲ ಭಾನುವಾರ ಹಾಲು ಮೊಸರಿಗೆ ಪರದಾಡಿ, ಎರಡನೆಯ ವಾರದಿಂದ ಶನಿವಾರವೇ ಕೊಂಡಿಡುವುದನ್ನು ಕಲಿಯುತ್ತಾರೆ. ಅಷ್ಟರಿಂದ ಆ ದೇಶದ ಉದ್ಯಮ ಮುಳುಗಿಹೋಗಿಲ್ಲ.

ಹೆಚ್ಚು ದುಡಿಯಬೇಕು ಎನ್ನುವವರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ದೇಶದ ಏಳಿಗೆ ಎಂದೇ ನಂಬುತ್ತೇನೆ. ಅವರ ತಲೆಮಾರು ಹಾಗೆ ದುಡಿದೇ ಮೇಲೆ ಬಂದಿತು. ನನ್ನನ್ನು ಹೆಚ್ಚು ಕಾಡಿದ್ದು 2025ರ ಜನವರಿಯಲ್ಲಿ ಹೊರಬಂದ ಇನ್ನೊಂದು ಮಾತು. ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರು ತಮ್ಮ ನೌಕರರನ್ನು ಭಾನುವಾರ ದುಡಿಸಲಾಗುತ್ತಿಲ್ಲವೆಂದು ಬೇಸರಪಟ್ಟು, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದಲ್ಲಿ ಕೇಳಿದ್ದರು. ಗಂಟೆಗಳ ಬಗ್ಗೆ ವಾದ ಬಹಳ ನಡೆಯಿತು. ಆ ಪ್ರಶ್ನೆಗೆ ಮಾತ್ರ ಯಾರೂ ನೆಟ್ಟಗೆ ಉತ್ತರ ಕೊಟ್ಟಂತೆ ನನಗೆ ಕಾಣಲಿಲ್ಲ. ಉತ್ತರ ಇದೆ. ಬಹಳ ಹೊತ್ತು ನೋಡಬೇಕು. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ಬಹಳ ಹೊತ್ತು ನೋಡಿದ್ದರಿಂದಲೇ ಅಡುಗೆಮನೆಗೂ ನಡುಮನೆಗೂ ಮಧ್ಯೆ ಗೋಡೆಯಿದ್ದರೂ ಮಾತು ಚೆಂಡಿನ ಹಾಗೆ ಆಚೀಚೆ ಓಡಾಡುತ್ತಿತ್ತು. ಅಮ್ಮ ಯಾವ ಮಾತಿಗೆ ನಗುತ್ತಾಳೆ, ಯಾವುದಕ್ಕೆ ನೊಂದುಕೊಳ್ಳುತ್ತಾಳೆ, ತಮ್ಮನ ಮೇಲೆ ಎಷ್ಟು ದೂರ ಹಾಸ್ಯ ಮಾಡಬಹುದು ಎಂಬುದು ಅಪ್ಪನಿಗೆ ತಿಳಿದದ್ದು ಹಾಗೆ ನೋಡಿ ನೋಡಿ. ಕೆಲಸವಿಲ್ಲದೆ ಒಬ್ಬರೆದುರು ಒಬ್ಬರು ಕೂರದ ಮನೆಯಲ್ಲಿ ಈ ಅಂದಾಜು ಯಾರಿಗೂ ಸಿಗುವುದಿಲ್ಲ. ಅಲ್ಲಿ ಹಾಸ್ಯ ಚುಚ್ಚುತ್ತದೆ, ಇಲ್ಲವೇ ಹುಟ್ಟುವುದೇ ಇಲ್ಲ.

ಹಾಸ್ಯಕ್ಕೆ ಸಾಕ್ಷಿಗಳು ಬೇಕು, ಅದೂ ಒಂದೇ ಸಲಕ್ಕೆ. 1987ರ ಜನವರಿ 25ರಿಂದ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಮ್ಮ ವಠಾರದಲ್ಲಿ ಇದ್ದದ್ದು ಒಂದೇ ಟಿವಿ. ಪದಬಂಧದ ಹೊತ್ತು ಹಿಂದಕ್ಕೆ ಸರಿಯಿತು. ಅಜ್ಜಿಗೆ ಹಿಂದಿಯ ಒಂದಕ್ಷರ ಬಾರದು, ಆದರೆ ಮುಂದೇನಾಗುತ್ತದೆಂದು ಎಲ್ಲರಿಗಿಂತ ಮೊದಲೇ ಹೇಳುತ್ತಿದ್ದವರು ಅವರೇ. "ಈಗ ನೋಡು, ಮಂಥರೆ ಬರ್ತಾಳೆ" ಎನ್ನುವುದು, ಮಂಥರೆ ಬರುವುದು. "ಅಜ್ಜಿಗೆ ಡೈರೆಕ್ಟರು ರಾತ್ರಿಯೇ ಹೇಳಿ ಹೋಗಿದ್ದಾರೆ" ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಆಮೇಲೆ ಮನೆಯಲ್ಲಿ ಯಾರಾದರೂ ಆಗಬೇಕಾದದ್ದನ್ನು ಮುಂಚೆಯೇ ಹೇಳಿಬಿಟ್ಟರೆ "ಮಂಥರೆ ಬಂದಳು" ಎನ್ನುವುದು ರೂಢಿಯಾಯಿತು. ಇವತ್ತು ಒಂದೇ ಮನೆಯ ನಾಲ್ವರು ನಾಲ್ಕು ಫೋನಿನಲ್ಲಿ ನಾಲ್ಕು ಹಾಸ್ಯ ನೋಡಿ ನಗಬಹುದು, ಆ ಹಾಸ್ಯ ನಮ್ಮ ಅಜ್ಜಿಯದಕ್ಕಿಂತ ಚೆನ್ನಾಗಿಯೂ ಇರಬಹುದು. ಆದರೆ ಮಾರನೆಯ ದಿನ ಅದನ್ನು ನೆನೆದು ಒಬ್ಬರ ಕಡೆ ಒಬ್ಬರು ನೋಡುವಂತಿಲ್ಲ. ನಗು ಬಂದುಹೋಯಿತು, ಮನೆಯ ಮಾತಾಗಿ ಉಳಿಯಲಿಲ್ಲ.

ಹವ್ಯಾಸಕ್ಕೆ ಈ ಕತೆಯಲ್ಲಿ ಏನು ಕೆಲಸ? ನನ್ನ ಅನುಭವದಲ್ಲಿ ಬಹಳ ದೊಡ್ಡ ಕೆಲಸ. ಅಪ್ಪ ಆಫೀಸಿನಲ್ಲಿ ಕಡತ ಬಲ್ಲವರು, ಮನೆಯಲ್ಲಿ ಲೆಕ್ಕ ಬಲ್ಲವರು, ನಮ್ಮ ಪಾಲಿಗೆ ಎಲ್ಲ ಬಲ್ಲವರು. ಅವರು ಸೋಲುವುದನ್ನು ನಾವು ಕಂಡದ್ದು ಪದಬಂಧದಲ್ಲಿ ಮಾತ್ರ. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ ಅಮ್ಮ, ಬಾಡಿಗೆ ಲೈಬ್ರರಿಯಿಂದ ತಂದ ತ್ರಿವೇಣಿಯವರ, ಅನಕೃ ಅವರ ಕಾದಂಬರಿಗಳನ್ನು ಒಲೆಯ ಮುಂದೆ ಓದಿ ಓದಿ, ಪದಗಳಲ್ಲಿ ಅಪ್ಪನನ್ನು ಮೀರಿಸಿದ್ದಳು. "ಸೋತೆ ಕಣೇ, ಹೇಳು" ಎಂದು ಅಪ್ಪ ಪೆನ್ಸಿಲು ಕೆಳಗಿಡುತ್ತಿದ್ದ ಆ ಕ್ಷಣ ನಮಗೆ ಹಬ್ಬ. ಹವ್ಯಾಸದಲ್ಲಿ ಮನೆಯ ಹಿರಿತನ ಕಿರಿತನ ಸ್ವಲ್ಪ ಹೊತ್ತು ತಲೆಕೆಳಗಾಗುತ್ತದೆ. ಚೌಕಾಬಾರ ಆಡುವಾಗ ಮೊಮ್ಮಗು ಅಜ್ಜನ ಕಾಯಿ ಕಡಿದು ಕುಣಿಯುವುದು ಇದೇ. ಅಳಗುಳಿಮಣೆಯ ಹುಣಸೆ ಬೀಜಗಳ ಲೆಕ್ಕದಲ್ಲಿ ಸೊಸೆ ಅತ್ತೆಯನ್ನು ಬರಿಗೈ ಮಾಡುವುದೂ ಇದೇ. ದೊಡ್ಡವರು ತಪ್ಪುವುದನ್ನು, ತಪ್ಪಿ ನಗುವುದನ್ನು ಮಕ್ಕಳು ನೋಡಬೇಕು. ಶಾಲೆ ಅದನ್ನು ತೋರಿಸುವುದಿಲ್ಲ.

ಅದಕ್ಕೇ ಹವ್ಯಾಸವನ್ನು ಆದಾಯವಾಗಿ ಬದಲಿಸಿ ಎಂಬ ಈಗಿನ ಉಪದೇಶ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳು ಕಸೂತಿ ಹಾಕುತ್ತಾಳೆ. ಧಾರವಾಡದ ಗೆಳತಿಯಿಂದ ಕಲಿತ ಗೋಪುರ, ತೇರು, ತುಳಸಿಕಟ್ಟೆಯ ಚಿತ್ರಗಳು. ಎಳೆ ಎಣಿಸಿ ಹಾಕಬೇಕು, ಒಂದು ಎಳೆ ತಪ್ಪಿದರೆ ತೇರು ವಾಲುತ್ತದೆ. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮಾರಬಾರದಾ?" ಹೊಗಳಿಕೆಯಿಂದಲೇ ಕೇಳುತ್ತಾರೆ. ಒಂದು ದಸರಾಕ್ಕೆ ಹತ್ತು ಸೀರೆಯ ಸೆರಗಿಗೆ ಒಪ್ಪಿಕೊಂಡಳು. ಆ ಎರಡು ತಿಂಗಳು ಅವಳ ಪಕ್ಕ ಯಾರೂ ಕೂರುವಂತಿರಲಿಲ್ಲ, ಮಾತಾಡಿಸಿದರೆ ಎಣಿಕೆ ತಪ್ಪುತ್ತಿತ್ತು, ತಪ್ಪಿದರೆ ಗಿರಾಕಿಗೆ ಉತ್ತರ ಕೊಡಬೇಕಿತ್ತು. ಮೊದಲು ವಾಲಿದ ತೇರನ್ನು ಎತ್ತಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ಈಗ ಬಿಚ್ಚಿ ಬಿಚ್ಚಿ ಅಳುತ್ತಿದ್ದಳು. ಹೊಟ್ಟೆಪಾಡಿಗೆ ಕಸೂತಿ ಹಾಕುವ ಹೆಂಗಸರಿದ್ದಾರೆ, ಅವರ ದುಡಿಮೆಗೆ ಒಳ್ಳೆಯ ಬೆಲೆ ಸಿಗಬೇಕು. ನಾನು ಹೇಳುತ್ತಿರುವುದು ಹೊಟ್ಟೆಪಾಡು ಬೇರೆ ಕಡೆ ಇರುವವರ ಬಿಡುವಿನ ಬಗ್ಗೆ. ಬೆಲೆ ಕಟ್ಟಿದ ಕೂಡಲೇ ಹೊರಗಿನವನೊಬ್ಬ ಬಂದು ನಡುಮನೆಯಲ್ಲಿ ಕೂರುತ್ತಾನೆ, ತಪ್ಪುವ ಸ್ವಾತಂತ್ರ್ಯ ಎದ್ದು ಹೋಗುತ್ತದೆ.

ಬಿಡುವಿನ ಕೆಲಸದಿಂದ ಲೋಕಕ್ಕೆ ಲಾಭವಾಗಬಾರದೆಂದಲ್ಲ. ಆಗುತ್ತದೆ, ಕೆಲವೊಮ್ಮೆ ಬಹಳ ದೊಡ್ಡದಾಗಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ನಿಂತದ್ದು ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ. ಬಹುಪಾಲು ಜನ ಸಂಬಳಕ್ಕಾಗಿ ಹಕ್ಕಿ ನೋಡಿದವರಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕೊರವಂಜಿ ಇದೆ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮ್ಮೆಲ್ಲರ ರಾಶಿ, 1942ರಲ್ಲಿ ಶುರುಮಾಡಿದ ಆ ಹಾಸ್ಯ ಮಾಸಪತ್ರಿಕೆ 25 ವರ್ಷ, 1967ರವರೆಗೆ ನಡೆಯಿತು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಒಬ್ಬ ವೈದ್ಯರು ಕನ್ನಡದ ಮನೆಮನೆಯ ನಗುವಿಗೆ ಅಚ್ಚಿನ ರೂಪ ಕೊಟ್ಟರು. ಮೈಸೂರಿನ ಹುಡುಗ ಆರ್. ಕೆ. ಲಕ್ಷ್ಮಣ್ ಎಳವೆಯಲ್ಲಿ ಗೆರೆ ಎಳೆದದ್ದು ಅಲ್ಲಿ. ಹಣದ ಲೆಕ್ಕದಿಂದ ಹೊರಟಿದ್ದರೆ ಅದು ಮೊದಲ ವರ್ಷವೇ ನಿಲ್ಲುತ್ತಿತ್ತೇನೋ. ಲಾಭ ಹಿಂದಿನಿಂದ ಬಂದರೆ ಬರಲಿ. ಅದನ್ನು ಮುಂದೆ ಕೂರಿಸಿಕೊಂಡು ಹೊರಟರೆ ಹವ್ಯಾಸ ಎರಡನೆಯ ನೌಕರಿಯಾಗುತ್ತದೆ.

ಇಷ್ಟು ಹೊತ್ತು ನಾನು ಬರೆದ ಭಾನುವಾರದಲ್ಲಿ ಒಂದು ಸಂಗತಿಯನ್ನು ಓದುಗರು ಆಗಲೇ ಗಮನಿಸಿರಬಹುದು. ಅಮ್ಮನ ದನಿ ಯಾವಾಗಲೂ ಅಡುಗೆಮನೆಯಿಂದಲೇ ಬರುತ್ತದೆ. ಪದಬಂಧದ ಯಾವ ಮನೆಯಿಂದ ಯಾವ ಪದ ಇಳಿಯುತ್ತದೆಂದು ನೋಡದೆಯೇ ಅವಳು ಹೇಗೆ ಹೇಳುತ್ತಿದ್ದಳೆಂದು ನಾವು ಆಗ ಆಶ್ಚರ್ಯಪಡುತ್ತಿದ್ದೆವು. ಪೇಪರಿನ ಹುಡುಗ ಬರುವಾಗ ಎದ್ದಿರುತ್ತಿದ್ದವಳು ಅವಳೊಬ್ಬಳೇ. ಹಂಡೆಯ ಒಲೆಗೆ ಸೌದೆ ಒಡ್ಡುತ್ತ, ನಾವೆಲ್ಲ ಮಲಗಿರುವಾಗ, ಅಷ್ಟನ್ನೂ ಮನಸ್ಸಿನಲ್ಲೇ ತುಂಬಿಕೊಂಡಿರುತ್ತಿದ್ದಳು. ಆಮೇಲೆ ಆರು ತಲೆಗೆ ಎಣ್ಣೆ, ಸೀಗೇಪುಡಿ, ತಿಂಡಿ, ಭಾನುವಾರವೆಂದು ಹೆಚ್ಚಿನದೊಂದು ಪಾಯಸ ಇಲ್ಲವೇ ಕೋಸಂಬರಿ. ಬಾಡೂಟದ ಮನೆಗಳಲ್ಲಿ ಗಂಡಸರು ಬೆಳಗ್ಗೆ ಮಾಂಸದಂಗಡಿಯ ಮುಂದೆ ಸಾಲು ನಿಂತು ಬಂದರೆ ಅವರ ಕೆಲಸ ಮುಗಿಯಿತು. ಮಸಾಲೆ ಅರೆಯುವುದು, ಮುದ್ದೆ ತೊಳಸುವುದು, ಮೂರು ಪಂಕ್ತಿ ಬಡಿಸುವುದು ಹೆಂಗಸರ ಪಾಲು. ವಾರದ ಆರು ದಿನಕ್ಕಿಂತ ಏಳನೆಯ ದಿನ ಅವರಿಗೆ ಭಾರ ಹೆಚ್ಚು.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಕೆಲಸಕ್ಕೆ ಕೈ ಹಾಕುವವರ ಲೆಕ್ಕ ಮಾತ್ರ. ಕೈಯೇ ಹಾಕದ ಗಂಡಸರು ಇದರ ಹೊರಗಿದ್ದಾರೆ. ಐದು ವರ್ಷ ಹಿಂದಿನ, 2019ರ ಸಮೀಕ್ಷೆಯಲ್ಲಿ ಈ ಅಂಕಿ 299 ಮತ್ತು 97. ಹೆಂಗಸರ ಹೊರೆ ಹತ್ತು ನಿಮಿಷ ಇಳಿದಿದೆ, ಗಂಡಸರದೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ಮಿಕ್ಸಿ, ಕುಕ್ಕರು, ವಾಷಿಂಗ್ ಮಷಿನ್ನು ಇಬ್ಬರಿಗೂ ನೆರವಾಗಿರಬಹುದು, ಕೆಲಸ ಮಾತ್ರ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿಲ್ಲ. ಒಟ್ಟಿಗೆ ಸಿಗುವ ಬಿಡುವೇ ನಿಜವಾದ ರಜೆ ಎಂದು ವಾದಿಸುವವರು ಮೊದಲು ಈ ಅಂಕಿಯ ಎದುರು ನಿಲ್ಲಬೇಕು. ನಮ್ಮ ಮನೆಯ ಆ ಹೊಳೆಯುವ ಭಾನುವಾರ ಐದು ಜನರ ರಜೆ, ಆರನೆಯವಳ ದುಡಿಮೆ. ಅವಳ ಮಾತು ನಡುಮನೆಯಲ್ಲಿತ್ತು, ಅವಳಿರಲಿಲ್ಲ.

ಬಿಡುವು ಒಟ್ಟಿಗೆ ಸಿಗಬೇಕಾದರೆ ಕೆಲಸವೂ ಒಟ್ಟಿಗೆ ಆಗಬೇಕು. ಇದನ್ನು ದೊಡ್ಡ ತತ್ವವಾಗಿ ಹೇಳುತ್ತಿಲ್ಲ, ನಮ್ಮ ಈಗಿನ ಮನೆಯಲ್ಲಿ ನಡೆಯುತ್ತಿರುವುದನ್ನು ಹೇಳುತ್ತಿದ್ದೇನೆ. ಭಾನುವಾರ ಒಂದೇ ಅಡುಗೆ, ಬಿಸಿಬೇಳೆಬಾತಾದರೆ ಅಷ್ಟೇ. ತರಕಾರಿ ಹೆಚ್ಚುವುದು ನಡುಮನೆಯಲ್ಲಿ, ಎಲ್ಲರೂ ಕೂತು. ಪದಬಂಧವನ್ನು ಒಬ್ಬರು ಓದುತ್ತಾರೆ, ಉಳಿದವರ ಕೈಯಲ್ಲಿ ಬೀನ್ಸು. ಹುರುಳಿಕಾಯಿ ಒಂದೊಂದು ತುಂಡು ಒಂದೊಂದು ಅಳತೆಗೆ ಬೀಳುತ್ತದೆ, ಯಾರು ಹೆಚ್ಚಿದ್ದೆಂದು ತಟ್ಟೆಯಲ್ಲಿ ನೋಡಿಯೇ ಗುರುತು ಹಿಡಿಯುತ್ತೇವೆ. ಅದರ ಸುತ್ತಲೂ ಹೊಸ ಮಾತುಗಳು ಹುಟ್ಟಿವೆ, ಅವು ಈ ಮನೆಯವರಿಗೇ ಬಿಟ್ಟದ್ದು.

ಮನೆಯ ಹೊರಗಿನವರಿಗಾಗಿ ಕೂಡ ಕೇಳಬೇಕಾದದ್ದಿದೆ. ಆಸ್ಪತ್ರೆ, ಬಸ್ಸು, ವಿದ್ಯುತ್ತು ಭಾನುವಾರ ನಿಲ್ಲುವಂತಿಲ್ಲ. ಹೋಟೆಲೂ ಅಂಗಡಿಯೂ ಪೂರ್ತಿ ಮುಚ್ಚಬೇಕೆಂದು ನಾನು ಒತ್ತಾಯಿಸುವುದಿಲ್ಲ. ಭಾನುವಾರದ ವ್ಯಾಪಾರದ ಮೇಲೇ ನಿಂತ ಸಣ್ಣ ಅಂಗಡಿಗಳು ಎಷ್ಟೋ ಇವೆ. ಆದರೆ ಪಾಳಿಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ತಿಂಗಳಲ್ಲಿ ಒಂದು ಭಾನುವಾರವನ್ನಾದರೂ ಕಾನೂನು ಖಾತ್ರಿ ಮಾಡಬಹುದು. ಯಾವ ಭಾನುವಾರ ಎಂಬುದನ್ನು ತಿಂಗಳ ಮೊದಲೇ ತಿಳಿಸಬೇಕೆಂದು ಹೇಳಬಹುದು, ಆಗ ಅಕ್ಕ ತಂಗಿಯರು, ಗಂಡ ಹೆಂಡಿರು ತಮ್ಮ ತಮ್ಮ ಪಾಳಿಗಳನ್ನು ಹೊಂದಿಸಿಕೊಳ್ಳಲು ದಾರಿಯಾಗುತ್ತದೆ. ಇದರಿಂದ ಯಂತ್ರ ನಿಲ್ಲುವುದಿಲ್ಲ, ಅಂಗಡಿಯ ಬಾಗಿಲು ಹಾಕಬೇಕಾಗುವುದಿಲ್ಲ. ಸರದಿಯ ಪಟ್ಟಿ ಬರೆಯುವವರು ಆ ಹೆಸರುಗಳ ಹಿಂದೆ ಒಂದೊಂದು ಮನೆಯಿದೆ ಎಂದು ನೆನೆಯಬೇಕಾಗುತ್ತದೆ. ತಮಗೆ ಬೇಕೆನಿಸಿದ ದಿನ ರಜೆ ತೆಗೆದುಕೊಳ್ಳುವ ಅನುಕೂಲವೇ ಹೆಚ್ಚು ಎನ್ನುವ ಗೆಳೆಯರಿದ್ದಾರೆ. ತಾಲ್ಲೂಕು ಕಚೇರಿಯ ಕೆಲಸಕ್ಕೆ, ಗ್ಯಾಸಿನವನಿಗೆ ಕಾಯುವುದಕ್ಕೆ ಅದು ನಿಜಕ್ಕೂ ಅನುಕೂಲ. ಜೊತೆಗೆ ನಗುವುದಕ್ಕೆ ಜೊತೆಯವರಿಗೂ ಅದೇ ದಿನ ಬೇಕಲ್ಲ.

ಮಾವನ ಬುಧವಾರಗಳಲ್ಲಿ ಒಂದನ್ನು ಹೇಳದೆ ಉಳಿಸಿಕೊಂಡಿದ್ದೆ. ಒಂದು ಭಾನುವಾರ ಅಮ್ಮ ಪದಬಂಧವನ್ನು ಯಾರಿಗೂ ಮುಟ್ಟಗೊಡದೆ ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಳು. ಅಪ್ಪ ಏನೂ ಕೇಳಲಿಲ್ಲ, ಪೆನ್ಸಿಲನ್ನು ಅದರ ಪಕ್ಕದಲ್ಲೇ ಇಟ್ಟರು. ಬುಧವಾರ ತಮ್ಮ ಬಂದಾಗ ಅವಳು ಒಲೆ ಆರಿಸಿ ಬಂದು ಚಾಪೆ ಹಾಸಿ ಕೂತಳು. ಅಮ್ಮ ಕೂತು, ತನ್ನ ಕೈಯಾರೆ ತುಂಬಿದ ಪದಬಂಧ ನನಗೆ ತಿಳಿದಂತೆ ಅದೊಂದೇ. ಅಕ್ಕ ತಮ್ಮ ಸೇರಿ ಅರ್ಧ ಗಂಟೆಯಲ್ಲಿ ಮುಗಿಸಿದರಂತೆ. ನಾನು ಸ್ಕೂಲಿನಿಂದ ಬಂದಾಗ ಮಾವ ಬಸ್ಸಿಗೆ ಹೊರಟು ನಿಂತಿದ್ದ. ಆ ಕಾಗದದ ಚೂರನ್ನು ಬಾಗಿಲಲ್ಲಿ ಬೆಳಕಿಗೆ ಹಿಡಿದು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಇನ್ನೊಮ್ಮೆ ಓದಿ ನನ್ನ ಕೈಗೆ ಕೊಟ್ಟ. ಆಮೇಲೆ ಅಮ್ಮನ ಕಡೆ ತಿರುಗಿ, "ಒಂದೂ ತಪ್ಪಿಲ್ಲ ಅಲ್ವೇನಕ್ಕಾ" ಎಂದ.